ಥಂಡಿಗಿಟ್ಟ ಹೆಸರುಗಳು

ಮಾರ್ಚ್ ಹನ್ನೊಂದು, ಸೋಮವಾರ. ಬೆಳಗ್ಗೆ ಒಂಬತ್ತು ದಾಟಿತ್ತು. ಆ ದ್ವೀಪದೇಶದ ದಾಖಲಾಗಾರದ ನಿರ್ದೇಶಕಿ ಮಿಸೆಸ್ ಫೆರನ್ ಠಾಣೆಯೊಳಗೆ ಬಂದರು. ಹ್ಯಾಟು ತೆಗೆಯಲಿಲ್ಲ, ಕುರ್ಚಿ ಎಳೆದು ಕೊಟ್ಟರೂ ಕೂರಲಿಲ್ಲ.

"ಮೂರು ಪುಸ್ತಕ ಕಳುವಾಗಿದೆ, ಇನ್ಸ್‌ಪೆಕ್ಟರ್."

ಇನ್ಸ್‌ಪೆಕ್ಟರ್ ಲಸೆಲ್ಸ್ ಬಾರ್ಟ್ಲಿ ಪೆನ್ನಿನ ಮುಚ್ಚಳ ತೆಗೆದ. "ಎಂಥ ಪುಸ್ತಕ?"

"ಬಿಡುಗಡೆಯಾದ ಗುಲಾಮರ ದಾಖಲೆ. ಹೆಸರು, ವಯಸ್ಸು, ತಾಯಿ ಯಾರು, ಎಲ್ಲ ಇದೆ. ನಕಲು ಅಂತ ಇನ್ನೊಂದಿಲ್ಲ. ಮುಂದಿನ ವಾರ ಲಂಡನ್ನಿನಿಂದ ದೊಡ್ಡವರು ನೋಡೋಕೆ ಬರ್ತಿದಾರೆ. ಮಂತ್ರಿಗಳಿಗೆ ನಾನೇನು ಹೇಳ್ಲಿ?"

ಎಫ್‌ಐಆರ್ ದಾಖಲಾಯಿತು. ಹನ್ನೊಂದರ ಹೊತ್ತಿಗೆ ಬಾರ್ಟ್ಲಿ, ಕಾನ್‌ಸ್ಟೇಬಲ್ ತಮೋಯಾಳ ಜೊತೆ ದಾಖಲಾಗಾರದ ಹಿಂಭಾಗದ ಕೋಣೆಯಲ್ಲಿದ್ದ. ಬೀಗ ಮುರಿದಿರಲಿಲ್ಲ. ಕಿಟಕಿಯ ಸರಳುಗಳು ಗಟ್ಟಿಯಾಗಿದ್ದವು. ಸೂರಿನಲ್ಲಿ ನೀರಿಳಿದ ಕಲೆ, ಗೋಡೆಯಲ್ಲಿ ಹಸಿರು ಪಾಚಿ. ಕಪಾಟಿನ ಸಾಲಿನಲ್ಲಿ ಹಲ್ಲು ಬಿದ್ದ ಬಾಯಿಯ ಹಾಗೆ ಒಂದು ಜಾಗ ಖಾಲಿ. ಆ ಖಾಲಿಯಲ್ಲಿ ದಪ್ಪ ಕಾಗದದ ಚೀಟಿಯೊಂದು ನೆಟ್ಟಗೆ ನಿಂತಿತ್ತು: "ಹೊರಗಿದೆ. ಮೂರು ಸಂಪುಟ." ಪೆನ್ಸಿಲಿನ ಬರಹ.

"ಇದೇನು?"

"ನಮ್ಮ ಪದ್ಧತಿ. ಪುಸ್ತಕ ತೆಗೆದ ಕಡೆ ಚೀಟಿ ಇಡಲೇಬೇಕು. ಇಲ್ಲದಿದ್ರೆ ಜಾಗ ಕಳೆದುಹೋಗುತ್ತೆ," ಎಂದರು ಜೊತೆಗಿದ್ದ ಮಿಸೆಸ್ ಫೆರನ್.

ತಮೋಯಾ ನಕ್ಕಳು. "ನಮ್ಮ ಬೀದೀಲಿ ಮೇಕೆ ಕದ್ದವನು 'ಹೊರಗಿದೆ' ಅಂತ ಬರೆದಿಟ್ಟು ಹೋಗಿದ್ದು ನಾ ಕಾಣೆ, ಸರ್."

ಬಾರ್ಟ್ಲಿ ನಗಲಿಲ್ಲ. ಖಾಲಿ ಜಾಗವನ್ನು ಯಾರೋ ಬ್ರಷ್‌ನಿಂದ ಒರೆಸಿದ್ದರು. ಅಕ್ಕಪಕ್ಕದ ಪುಸ್ತಕಗಳ ಬುಡದಲ್ಲಿ ಮಾತ್ರ ಜರಡಿ ಹಿಡಿದ ಹಿಟ್ಟಿನಂಥ ಸಣ್ಣ ಪುಡಿ. ಪಂಚನಾಮೆಯಲ್ಲಿ ಎರಡನ್ನೂ ಬರೆಸಿದ. ಹೊರಗಿನವರ ಕೈವಾಡ ಅಲ್ಲ ಎಂಬುದು ಅಷ್ಟರಲ್ಲೇ ಖಚಿತವಾಗಿತ್ತು.

ನೌಕರರನ್ನು ಒಬ್ಬೊಬ್ಬರನ್ನಾಗಿ ಕರೆಸಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವರು ಎಲ್ಲ ಕಡೆ ಒಬ್ಬರಾದರೂ ಇರುತ್ತಾರೆ. ಇಲ್ಲಿ ಯಾರೂ ಮುಟ್ಟಿಕೊಳ್ಳಲಿಲ್ಲ. ಕೊನೆಗೆ ಬಂದವರು ಹಳೆಯ ಕಾಗದಗಳನ್ನು ದುರಸ್ತಿ ಮಾಡುವ ಮಿಸ್ ಐಸಿಲ್ಡಾ ಪಿನ್ನಕ್. ಅರವತ್ತರ ಹತ್ತಿರದ ಹೆಂಗಸು, ಉಗುರಿನ ಸಂದಿಯಲ್ಲಿ ಒಣಗಿದ ಅಂಟು.

"ಆ ಪುಡಿ ಏನು, ಮಿಸ್ ಪಿನ್ನಕ್?"

"ಪುಸ್ತಕ."

"ಅಂದ್ರೆ?"

"ಹುಳ ತಿಂದು ಹೊರಗೆ ಹಾಕಿದ ಪುಸ್ತಕ."

"ಹುಳಕ್ಕೆ ಔಷಧಿ ಇಲ್ವಾ?"

"ಥಂಡಿ. ಪ್ಲಾಸ್ಟಿಕ್ಕಲ್ಲಿ ಬಿಗಿಯಾಗಿ ಸುತ್ತಿ ಹಿಮದಲ್ಲಿ ಎರಡು ವಾರ ಇಡ್ಬೇಕು. ಹುಳಾನೂ ಸಾಯುತ್ತೆ, ಮೊಟ್ಟೆನೂ ಸಾಯುತ್ತೆ."

"ನಿಮ್ಮಲ್ಲಿ ಫ್ರೀಜರ್ ಇದೆಯಲ್ಲ?"

ಐಸಿಲ್ಡಾ ನಿರ್ದೇಶಕಿಯ ಕಡೆ ನೋಡಿದರು. ಮಿಸೆಸ್ ಫೆರನ್ ಕೆಮ್ಮಿ, "ಕೆಟ್ಟಿದೆ. ಇಲಾಖೆಗೆ ಬರೆದಿದೀವಿ," ಎಂದರು. ಫ್ರೀಜರ್ ಪಡಸಾಲೆಯಲ್ಲಿತ್ತು. ಮೇಲೆ ಕಸೂತಿ ಬಟ್ಟೆ ಹಾಸಿ, ಲಂಡನ್ನಿನವರಿಗಾಗಿ ಹೂದಾನಿ ಇಟ್ಟಿದ್ದರು.

ಹೊರಗೆ ಬಂದಾಗ ಕಾವಲುಗಾರ ಚೀಸು ಇಟ್ಟ ಬ್ರೆಡ್ಡು ತಿನ್ನುತ್ತಿದ್ದ. ಬಾರ್ಟ್ಲಿ ಸುಮ್ಮನೆ ಕೇಳುವವನಂತೆ ಕೇಳಿದ: "ಈ ಆಫೀಸಲ್ಲಿ ಯಾರ ಮನೇಲಪ್ಪ ದೊಡ್ಡ ಫ್ರೀಜರ್ ಇದೆ?"

"ಮನೇಲಿ ಯಾರಿಗಿದೆ ಸಾಹೇಬ್ರೇ? ಮಿಸ್ ಐಸಿಲ್ಡಾ ಅವರ ತಮ್ಮ ಮಾಸ್ ಕ್ಲೀವ್‌ಗೆ ಸಮುದ್ರದ ದಂಡೇಲಿ ಮೀನಿನ ಥಂಡಿಕೋಣೆ ಇದೆ. ಶುಕ್ರವಾರ ನಮಗೆಲ್ಲ ಮೀನು ಅಲ್ಲಿಂದಾನೇ. ಎರಡು ಶುಕ್ರವಾರದಿಂದ ಮಾತ್ರ ಯಾರನ್ನೂ ಒಳಗೆ ಬಿಡ್ತಿಲ್ಲ, ಮೂತಿ ಊದಿಸ್ಕೊಂಡು ಬಾಗಿಲಲ್ಲೇ ಕೊಡ್ತಾನೆ."

ಮಂಗಳವಾರ ಮಧ್ಯಾಹ್ನ ಶೋಧದ ವಾರಂಟು ಹಿಡಿದು ಹೋದರು. ಮಾಸ್ ಕ್ಲೀವ್ ಬಾಗಿಲಿಗೆ ಅಡ್ಡ ನಿಂತ.

"ಕೆಂಪು ಮೀನು ಬೇಕಾ, ಗಿಳಿಮೀನು ಬೇಕಾ?"

"ಆ ಮೂಲೇಲಿ ಕೆಳಗಿರೋದು ಬೇಕು," ಎಂದಳು ತಮೋಯಾ.

"ಅದು ಟ್ಯೂನಾ, ಮಗಳೇ."

"ಚೌಕಾಕಾರದ ಟ್ಯೂನಾನಾ, ಅಂಕಲ್? ಯಾವ ಸಮುದ್ರದ್ದು?"

ಮಾಸ್ ಕ್ಲೀವ್ ಟೊಪ್ಪಿಗೆ ತೆಗೆದು ಎದೆಗೊತ್ತಿಕೊಂಡ. "ಯಾರಾದ್ರೂ ಕೇಳಿದ್ರೆ ಟ್ಯೂನಾ ಅನ್ನು ಅಂತ ಅಕ್ಕಾನೇ ಹೇಳಿದ್ದು. ನಂಗೆ ಸುಳ್ಳು ಹೇಳೋಕೆ ಬರಲ್ಲ ಅಂತ ಅವಳಿಗೂ ಗೊತ್ತು."

ಮೀನಿನ ರಾಶಿಯ ಕೆಳಗೆ ಮೂರು ಪೊಟ್ಟಣಗಳಿದ್ದವು, ಹಸುಗೂಸನ್ನು ಸುತ್ತಿದ ಹಾಗೆ ಸುತ್ತಿದ್ದರು. ಬಾರ್ಟ್ಲಿ ಅವನ್ನು ಹೊರಗೆ ಮೇಜಿನ ಮೇಲೆ ಇಡಿಸುವಷ್ಟರಲ್ಲಿ ಐಸಿಲ್ಡಾ ಓಡುತ್ತ ಬಂದರು. ತಮ್ಮನೇ ಫೋನು ಮಾಡಿರಬೇಕು.

"ಕದ್ದವಳು ನಾನೇ. ಕೈಗೆ ಕೋಳ ಹಾಕಿ. ಅವನ್ನ ಮಾತ್ರ ವಾಪಸ್ ಒಳಗಿಡಿ. ಶುಕ್ರವಾರಕ್ಕೆ ಎರಡು ವಾರ ತುಂಬುತ್ತೆ. ನಾನೇ ತಂದು ಕಪಾಟಲ್ಲಿ ಇಡ್ತಿದ್ದೆ, ಅದಕ್ಕೇ ಚೀಟಿ ಇಟ್ಟಿದ್ದು."

"ಆಗಲ್ಲ, ಮಿಸ್ ಪಿನ್ನಕ್. ಜಪ್ತಿ ಮಾಡ್ಬೇಕು."

"ಹಾಗಾದ್ರೆ ಪ್ಲಾಸ್ಟಿಕ್ ಕತ್ತರಿಸ್ಬೇಡಿ! ಒಂದಿಡೀ ದಿನ ಹಾಗೇ ಬಿಡಿ. ಥಂಡಿಯಿಂದ ಬಂದದ್ದಕ್ಕೆ ಈ ಗಾಳಿ ತಾಗಿದ್ರೆ ಬೆವರುತ್ತೆ. ಶಾಯಿ ಹರಿದುಹೋಗುತ್ತೆ."

ಬಾರ್ಟ್ಲಿ ಚಾಕು ಹಿಡಿದು ನಿಂತ. ಒಳಗೇನಿದೆ ಎಂದು ಪಂಚರಿಗೆ ತೋರಿಸದೆ ಪಂಚನಾಮೆ ಆಗದು. ಕಟ್ಟಿದ ಪೊಟ್ಟಣಕ್ಕೆ ವಕೀಲರು ನಾಳೆ ಕಲ್ಲು ಎಂದಾರು, ಗಾಂಜಾ ಎಂದಾರು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ತೆರೆಯದ ಪೊಟ್ಟಣಕ್ಕೆ ಅವನು ಒಮ್ಮೆಯೂ ಸಹಿ ಹಾಕಿರಲಿಲ್ಲ.

ಅವನು ಕತ್ತರಿಸಿದ.

ಸಮುದ್ರದ ಬಿಸಿಗಾಳಿ ಬೀಸಿತು. ನೋಡನೋಡುತ್ತಿದ್ದಂತೆ ಚರ್ಮದ ಹೊದಿಕೆಯ ಮೇಲೆ ಹನಿಗಳು ಮೂಡಿದವು. ಐಸಿಲ್ಡಾ ತಲೆಗೆ ಕಟ್ಟಿದ ಬಟ್ಟೆ ಬಿಚ್ಚಿ ಒರೆಸಲು ಹೋದರು. "ಸಾಕ್ಷ್ಯ ಮುಟ್ಟಬಾರದು, ಆಂಟಿ," ಎಂದು ತಮೋಯಾ ಅವರ ಕೈ ಹಿಡಿದಳು. ಆ ಕೈಗೇ ಕೋಳ ಬಿತ್ತು.

ಜೀಪಿನಲ್ಲಿ ಬಾರ್ಟ್ಲಿ ಕೇಳಿದ: "ನಿಮ್ಮವರ ಹೆಸರು ಅದರಲ್ಲಿತ್ತಾ?"

"ಇಲ್ಲ. ನಮ್ಮವರ ಪುಸ್ತಕ ಬೇರೆ. ಕೆಲಸಕ್ಕೆ ಸೇರಿದ ವರ್ಷ ಹುಡುಕಿ ತೆಗೆದೆ. ನಮ್ಮ ಮುತ್ತಜ್ಜಿಯ ತಾಯಿಯ ಪುಟ ತೆರೆದ್ರೆ ಬರೀ ತೂತು. 'ತಾಯಿ' ಅನ್ನೋದು ಉಳಿದಿತ್ತು, ಮುಂದೆ ಹುಳದ ದಾರಿ." ಅವರು ಕಿಟಕಿಯ ಹೊರಗೆ ನೋಡಿದರು. "ಬೇರೆಯವರದ್ದಾದ್ರೂ ಇರ್ಲಿ ಅಂತ."

ಸಂಪುಟಗಳು ಠಾಣೆಯ ಮುದ್ದೆಮಾಲು ಕೋಣೆ ಸೇರಿದವು. ದಾಖಲಾಗಾರ ಕೇಳಿತು, ವಿಚಾರಣೆ ಮುಗಿಯುವವರೆಗೆ ಕೊಡಲಾಗದು ಎಂದಿತು ಕೋರ್ಟು. ತಮೋಯಾ ಎರಡು ಸಲ ಅವನ್ನು ಬಿಸಿಲಿಗೆ ಹಾಕುತ್ತೇನೆಂದಳು. ನಿಯಮವಿಲ್ಲ ಎಂದ ಬಾರ್ಟ್ಲಿ. ಮಳೆಗಾಲ ಬಂತು, ಹೋಯಿತು.

ನವೆಂಬರಿನಲ್ಲಿ ಪ್ರಕರಣ ವಿಚಾರಣೆಗೆ ಬಂದಾಗ ಬಾರ್ಟ್ಲಿಯೇ ಚೀಲದ ಮುದ್ರೆ ಒಡೆದ. ಬೂಷ್ಟು ಹಿಡಿದು ಒಂದಕ್ಕೊಂದು ಅಂಟಿದ ಕಪ್ಪು ಮುದ್ದೆ ಮೇಜಿನ ಮೇಲೆ ಕುಳಿತಿತು. ನ್ಯಾಯಾಧೀಶರು ಕರವಸ್ತ್ರ ಮೂಗಿಗೆ ಹಿಡಿದು, "ಕದ್ದ ಮಾಲು ಇದೇನಾ? ಗುರುತಿಸಿ," ಎಂದರು.

ಐಸಿಲ್ಡಾ ಕಟಕಟೆಯಿಂದ ಬಗ್ಗಿ ಬಹಳ ಹೊತ್ತು ನೋಡಿದರು.

"ಇದಲ್ಲ, ಸ್ವಾಮಿ," ಎಂದರು. "ನಾನು ಕದ್ದಾಗ ಅದನ್ನ ಓದ್ಬಹುದಿತ್ತು."