ಒಣಗಿದ ಸವತಿ

"ಹುಷಾರು! ಮೊಣಕೈ ತಾಗಿಸಿ ಅನ್ನೆಕೆಯ ತೋಳು ಮುರೀತೀರಾ!"

ಇಮಾಸ್‌ ಸೂಜಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದಳು. ಯಾರೀ ಅಧಿಕಪ್ರಸಂಗಿ? ಒಣಗಿದ ಗಿಡಗಳನ್ನು ಹಾಳೆಗೆ ಹೊಲಿಯುವುದೇ ಅವಳ ಕೆಲಸ. ಆರು ವರ್ಷದಲ್ಲಿ ಒಂದು ಎಲೆಯನ್ನೂ ಮುರಿದವಳಲ್ಲ.

"ಅನ್ನೆಕೆ ಯಾರು?"

"ಇವಳೇ." ಅವನು ತನ್ನ ಕೈಲಿದ್ದ ಹಾಳೆಯನ್ನು ಮೇಜಿನ ಮೇಲಿಟ್ಟ. ಕಂದು ಬಣ್ಣಕ್ಕೆ ತಿರುಗಿದ ಒಂದು ಕಾಡು ಬಿಗೋನಿಯಾ. ಡಚ್ಚರ ಕಾಲದಲ್ಲಿ ಹಾಲಿಮುನ್ ಬೆಟ್ಟ ಹತ್ತಿ ಅದನ್ನು ತಂದವಳ ಹೆಸರು ಅನ್ನೆಕೆ. ಬೋಗೋರ್‌ನ ಆ ಸಸ್ಯಸಂಗ್ರಹದಲ್ಲಿ ಹಾಳೆಗಳನ್ನು ಕರೆಯುವುದೇ ಹಾಗೆ, ತಂದವರ ಹೆಸರಿನಿಂದ. "ಆ ಗಿಡವನ್ನ ಆಮೇಲೆ ಯಾರೂ ನೋಡಿಲ್ಲ. ನಾನು ಹುಡುಕ್ತೀನಿ. ಹೊಲಿಗೆ ಬಿಚ್ಚಿದೆ, ಹಾಕಿ ಕೊಡ್ತೀರಾ?"

ಹೊಸದಾಗಿ ಸೇರಿದ ಸಸ್ಯವಿಜ್ಞಾನಿ ರುಸ್ವಂದಿ ಅವಳ ಬದುಕಿಗೆ ಬಂದದ್ದು ಹೀಗೆ. ಒಬ್ಬನೇ ಬರಲಿಲ್ಲ, ಅನ್ನೆಕೆಯನ್ನೂ ಕರೆದುಕೊಂಡು ಬಂದ!

ಅಲ್ಲಿಂದ ವಾರವಾರವೂ ಅದೇ ಹಾಳೆ, ಅದೇ ಬಿಚ್ಚಿದ ಹೊಲಿಗೆ. ದಾರದ ತುದಿ ನೀಟಾಗಿ ತುಂಡಾಗಿರುತ್ತಿತ್ತು. ಇಮಾಸ್ ಅದರ ಬಗ್ಗೆ ಯೋಚಿಸುವ ಸ್ಥಿತಿಯಲ್ಲಿರಲಿಲ್ಲ. ಅವನು ಎದುರು ಕೂತು, "ಅನ್ನೆಕೆ ಒಬ್ಬಳೇ ಹತ್ತಿದ್ದಳಂತೆ... ಮಳೇಲಿ ಗುಡಿಸಲು ಕಟ್ಟಿದ್ದಳಂತೆ..." ಎನ್ನುತ್ತಿದ್ದ. ಇಮಾಸ್‌ಗೆ ಸೂಜಿ ಬೆರಳಿಗೆ ಚುಚ್ಚುತ್ತಿತ್ತು.

ಎಷ್ಟು ಮುಟ್ಟಿ ಮುಟ್ಟಿ ನೋಡಿದರೆ ಹೊಲಿಗೆ ಹೀಗೆ ಬಿಚ್ಚುತ್ತೆ!

ಪಕ್ಕದ ಮೇಜಿನ ಮೇಲ್ವಿಚಾರಕಿ ಕೊಕೊಮ್ ಅಕ್ಕ ನಕ್ಕಳು. "ಬದುಕಿರೋ ಸವತಿ ಆಗಿದ್ರೆ ಜಡೆ ಹಿಡಿದು ಎಳೀಬಹುದಿತ್ತು ಕಣೇ. ಸತ್ತವಳ ಜುಟ್ಟು ಎಲ್ಲಿ ಹಿಡೀತೀಯ?"

"ಸವತಿ ಅಂತೆ ಸವತಿ! ಅವರು ನನಗೇನಾಗಬೇಕು?"

"ಅದಕ್ಕೇ ಅವನು ಬರೋ ದಿನ ಹೊಸ ಕೆರುಡುಂಗ್ ಬಟ್ಟೆ ತಲೆ ಮೇಲೆ!"

ಅವನು ಬೆಟ್ಟಕ್ಕೆ ಹೊರಟ ದಿನ ಬೆನ್ನಿಗೆ ಚೀಲ ಹಾಕಿಕೊಂಡೇ ಬಂದ. ಇಮಾಸ್ ಎದ್ದು ನಿಂತಳು. ಅವನು ಅವಳ ಮುಖ ನೋಡಲಿಲ್ಲ. ಮೇಜಿನ ಮೇಲಿದ್ದ ಹಾಳೆಗೆ ತಲೆ ಬಗ್ಗಿಸಿ, "ಹೋಗಿ ಬರ್ತೀನಿ, ಅನ್ನೆಕೆ" ಅಂದ. ಹೋಗಿಯೇ ಬಿಟ್ಟ.

ಸಂಜೆ ಇಮಾಸ್ ಆ ಹಾಳೆಯನ್ನು ಹುಲ್ಲುಗಳ ಕಪಾಟಿನಲ್ಲಿ, ಒಂದು ಜೊಂಡಿನ ಹಾಳೆಯ ಕೆಳಗೆ ತುರುಕಿದಳು.

ಅಲ್ಲಿ ಲಕ್ಷಾಂತರ ಹಾಳೆಗಳಿವೆ. ತಪ್ಪು ಕಪಾಟಿಗೆ ಹೋದ ಹಾಳೆ ಸುಟ್ಟುಹೋದ ಹಾಳೆಗೆ ಸಮ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಮಾಡಿದಳು.

ಎರಡು ವಾರ ಕಳೆದು ರುಸ್ವಂದಿ ಬಂದ. ಕೆಸರು, ಜ್ವರ, ಜಿಗಣೆ ಕಚ್ಚಿದ ಕಾಲು. ಹಳೆಯ ಪೇಪರಿನ ಮಡಿಕೆಯಲ್ಲಿ ಒಂದು ಗಿಡ.

"ಸಿಕ್ತು ಅನ್ಸುತ್ತೆ! ಪಕ್ಕಕ್ಕಿಟ್ಟು ನೋಡಬೇಕು. ಅನ್ನೆಕೆ ಎಲ್ಲಿ?"

ಹೇಗಿದ್ದೀರಿ ಅಂತ ಒಂದು ಮಾತಿಲ್ಲ! "ಅವಳ ಜಾಗದಲ್ಲೇ ಇರಬೇಕು" ಅಂದಳು ಇಮಾಸ್.

ಬಿಗೋನಿಯಾ ಕಪಾಟು ಖಾಲಿಯಾಯಿತು. ಅದರ ಪಕ್ಕದ್ದೂ. ಮಧ್ಯಾಹ್ನದ ಹೊತ್ತಿಗೆ ಅವನು ನೆಲದ ಮೇಲೆ ಹಾಳೆಗಳ ನಡುವೆ ಕೂತಿದ್ದ, ಹಲ್ಲು ಕಟಕಟ ಅನ್ನುತ್ತಿತ್ತು.

ಇಮಾಸ್‌ಗೆ ಖುಷಿಯಾಗಬೇಕಿತ್ತು. ಆಗಲಿಲ್ಲ.

"ತಪ್ಪು ನಂದೇ" ಅಂದ ಅವನು. "ಪದೇ ಪದೇ ಹೊರಗೆ ತಂದವನು ನಾನು. ಹೋಗಿ ಸಾಹೇಬರಿಗೆ ಹೇಳ್ತೀನಿ."

"ಹೇಳಬೇಡಿ!" ಅವಳು ಏಳಹೊರಟವನಿಗೆ ಅಡ್ಡ ಬಂದಳು. "ಹುಲ್ಲಿನ ಕಪಾಟಲ್ಲಿದೆ. ನಾನೇ ಬಚ್ಚಿಟ್ಟೆ, ಕಾಂಗ್."

ಕಾಂಗ್... ಅಲ್ಲಿ ಅಣ್ಣನಿಗೂ ಅನ್ನುತ್ತಾರೆ, ನಲ್ಲನಿಗೂ ಅನ್ನುತ್ತಾರೆ. ಇಷ್ಟು ದಿನ ಅವಳು ಅವನನ್ನು ಹಾಗೆ ಕರೆದಿರಲಿಲ್ಲ.

"ಯಾಕೆ?"

"ಹೊಟ್ಟೆಕಿಚ್ಚು."

"ಯಾರ ಮೇಲೆ?"

"ಇನ್ಯಾರ ಮೇಲೆ? ಆ ಸತ್ತವಳ ಮೇಲೆ! ನಗಬೇಡಿ! ಬೇಕಾದ್ರೆ ಈಗಲೇ ನನ್ನ ಕೆಲಸ ತೆಗೆಸಿ."

ಅವನು ನಗಲಿಲ್ಲ. ಅವಳ ಬೆರಳುಗಳನ್ನು ನೋಡಿದ.

"ನೀನು ಹಾಕಿದ ಗಂಟು ಯಾವತ್ತಾದ್ರೂ ತಾನಾಗೇ ಬಿಚ್ಚಿದ್ದುಂಟಾ?"

"ಇಲ್ಲ! ನನ್ನ ಗಂಟು..." ಹಾಗಾದರೆ ಆ ಹಾಳೆಯೊಂದೇ ಯಾಕೆ? ಆ ನೀಟಾದ ತುದಿಗಳು...

ಅವನು ಜೇಬಿನಿಂದ ಅರ್ಧ ಬ್ಲೇಡು ತೆಗೆದು ಮೇಜಿನ ಮೇಲಿಟ್ಟ.

"ನನ್ನ ಹೊಲಿಗೆ ಕತ್ತರಿಸಿದ್ರಾ?!"

"ವಾರಕ್ಕೊಂದು. ಸರಿಯಾಗಿರೋ ಹಾಳೆ ಹಿಡ್ಕೊಂಡು ಬಂದ್ರೆ ಕೊಕೊಮ್ ಅಕ್ಕ ಒಳಗೆ ಬಿಡ್ತಿದ್ರಾ?"

"ನಾನು ಒಂದೊಂದು ಗಂಟಿಗೂ ಉಸಿರು ಕಟ್ಟಿ..." ಅವಳಿಗೆ ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಅಳುವೂ ಬಂತು. "ಹೊರಡೋ ದಿನ ಅವಳಿಗೆ ಹೇಳಿ ಹೋದ್ರಿ. ನನಗಲ್ಲ."

"ಅವಳ ಹೆಸರಲ್ಲಿ ನಿನಗೇ ಹೇಳಿದ್ದು. ನಿನ್ನ ಮುಖ ನೋಡಿದ್ರೆ ಬೆಟ್ಟ ಹತ್ತೋಕೆ ಕಾಲೇ ಬರ್ತಿರ್ಲಿಲ್ಲ, ನೆಂಗ್." ನೆಂಗ್... ಅಲ್ಲಿ ತಂಗಿಗೂ ಅನ್ನುತ್ತಾರೆ, ನಲ್ಲೆಗೂ ಅನ್ನುತ್ತಾರೆ.

ಇಬ್ಬರೂ ಹೋಗಿ ಜೊಂಡಿನ ಕೆಳಗಿನಿಂದ ಹಾಳೆ ತೆಗೆದರು. ಹೊಸ ಗಿಡವನ್ನು ಪಕ್ಕಕ್ಕಿಟ್ಟರು. ಅದೇ ಓರೆ ಎಲೆ, ಅದೇ ಕೆಂಪು ರೋಮ. ಅವನು ಕೂಗಿಕೊಳ್ಳಬೇಕಿತ್ತು. ಬದಲಿಗೆ ಅವಳ ಕೈ ಹಿಡಿದ. ಅವನ ಕೈ ಜ್ವರಕ್ಕೆ ಸುಡುತ್ತಿತ್ತು.

"ಇನ್ನು ಮುಂದೆ ಹೊಲಿಗೆಗೆ ಕೈ ಹಾಕಲ್ಲ" ಅಂದ.

"ಮತ್ತೆ ಹ್ಯಾಗೆ ಬರ್ತೀರಾ?"

"ಸುಮ್ನೆ ಬರ್ತೀನಿ."

"ಕೈ ಬೀಸ್ಕೊಂಡು ಬಂದ್ರೆ ಕೊಕೊಮ್ ಅಕ್ಕನಿಗಿಂತ ಮೊದ್ಲು ನಾನೇ ಓಡಿಸ್ತೀನಿ. ಆಸಿನಾನ್ ತನ್ನಿ. ಹಣ್ಣು ಹೆಚ್ಚು ಹಾಕಿಸಿ, ಖಾರ ಜಾಸ್ತಿ."

"ಮೂರು ಜನಕ್ಕಾ?"

ಇಮಾಸ್ ಸೂಜಿಗೆ ದಾರ ಪೋಣಿಸಿ, ಆ ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಇಬ್ಬರಿಗೆ. ಅನ್ನೆಕೆ ತಿನ್ನಲ್ಲ."