ಬುಟ್ಟಿಯ ಕೆಳಗಿನ ಕೆಂಪು ಕಾಯಿ

ಅವನು ಮೊದಲ ಸಲ ದಾಳ ಒಗೆದಾಗಲೇ ಅವಳು ತಪ್ಪು ಹಿಡಿದಳು.

“ದಾಳ ಉರುಳಿಲ್ಲ, ಜಾರ್ಯಾವ. ಮತ್ತ ಒಗೀರಿ.”

ಪಡಸಾಲೆಯಲ್ಲಿ ಕೂತವರೆಲ್ಲ ನಕ್ಕರು. ಮುಂಡರಗಿಯಿಂದ ಬಸ್ಸಿನ ಧೂಳು ಕುಡಿದು ಬಂದಿದ್ದ ನಿಜಲಿಂಗ ತಲೆ ಎತ್ತಿ ನೋಡಿದ. ಪಂಚ ಪುಂಡಲೀಕಪ್ಪನವರ ಪಕ್ಕದಲ್ಲಿ, ಕಂಬಕ್ಕೆ ಒರಗಿ ಅವರ ಮಗಳು ಅನ್ನಪೂರ್ಣ ಕೂತಿದ್ದಳು. ಅವಳ ಕಣ್ಣು ದಾಳದ ಮೇಲಿತ್ತು, ಅವನ ಮೇಲಲ್ಲ. ಅದೇ ಅವನಿಗೆ ಚುಚ್ಚಿತು. ತನ್ನ ಗೋಲಿ ಸೋಡಾ ಅಂಗಡಿಗೆ ಬಂದ ಯಾವ ಹುಡುಗಿಯೂ ತನ್ನನ್ನು ಬಿಟ್ಟು ಬರೀ ಬಾಟಲಿ ನೋಡಿ ಹೋಗಿಲ್ಲವೆಂದು ಅವನ ನಂಬಿಕೆ.

ಮತ್ತೆ ಒಗೆದ. ಈ ಸಲ ದಾಳ ಉರುಳಿದವು. ಅವಳು ಚುಕ್ಕಿ ಎಣಿಸಿ ಅಪ್ಪನ ಕಿವಿಯಲ್ಲಿ ಹೇಳಿದಳು. ಆಮೇಲೆ ಒಂದೇ ಒಂದು ಕ್ಷಣ ಅವನ ಕಡೆ ನೋಡಿದಳು. ಅಷ್ಟರಲ್ಲಿ ಅವನು ಯಾವ ಕಾಯಿ ನಡೆಸಬೇಕೆಂಬುದನ್ನೇ ಮರೆತಿದ್ದ.

ಬೆಟಗೇರಿಯ ಆ ನೇಕಾರ ಓಣಿಯಲ್ಲಿ ಬೇಸಿಗೆ ಎಂದರೆ ಪಗಡಿ ಪಂದ್ಯ. ಓಣಿಗೆ ಆಗಿನ್ನೂ ಟಿ.ವಿ. ಬಂದಿರಲಿಲ್ಲ. ರವಿವಾರ ಮಧ್ಯಾಹ್ನ ಊರೂರಿನ ಟೀಮುಗಳು ಪುಂಡಲೀಕಪ್ಪನವರ ಪಡಸಾಲೆಗೆ ಬರುತ್ತಿದ್ದವು. ಪಂಚರೆಂದರೆ ಅಂಪೈರ್ ಇದ್ದಂತೆ. ಅವರ ತೀರ್ಪಿಗೆ ಶಿರಹಟ್ಟಿಯಿಂದ ಮುಂಡರಗಿಯವರೆಗೆ ಎದುರು ಮಾತಿರಲಿಲ್ಲ. ಕಣ್ಣಿಗೆ ಪೊರೆ ಬಂದು ದಾಳದ ಚುಕ್ಕಿ ಕಾಣದಾದಾಗ ಅವರು ಪಂಚಗಿರಿ ಬಿಡುತ್ತೇನೆಂದರು. ಜನ ಬಿಡಲಿಲ್ಲ, ಮಗಳು ನೋಡಿ ಹೇಳಲಿ, ನೀವು ತೀರ್ಪು ಕೊಡಿರಿ ಎಂದರು. ಅಂದಿನಿಂದ ಅನ್ನಪೂರ್ಣ ಅಪ್ಪನ ಕಣ್ಣು. ಒಂದು ಚುಕ್ಕಿಯನ್ನೂ ಅವಳು ಹೆಚ್ಚುಕಡಿಮೆ ಹೇಳಿದವಳಲ್ಲ.

ಆ ಪಂದ್ಯಕ್ಕೆ ಒಂದು ಪದ್ಧತಿ ಇತ್ತು. ದೀಪ ಹಚ್ಚುವ ಹೊತ್ತಿಗೆ ಆಟ ಮುಗಿಯದಿದ್ದರೆ ಪಗಡಿಯ ಹಾಸು ಮಡಚುವಂತಿಲ್ಲ. ಕಾಯಿಗಳು ಇದ್ದ ಮನೆಯಲ್ಲೇ ಇರಬೇಕು. ಹತ್ತಿ ಹೊರುವ ದೊಡ್ಡ ಬುಟ್ಟಿಯನ್ನು ಮೇಲೆ ಕವುಚಿ, ಅದರ ಮೇಲೊಂದು ಕಲ್ಲಿಟ್ಟು, ಪಂಚರ ಮನೆಯವರು ಮುಂದಿನ ರವಿವಾರದವರೆಗೆ ಕಾಯಬೇಕು. ಬುಟ್ಟಿಗೇನು ಕೀಲಿ ಇರಲಿಲ್ಲ. ಪುಂಡಲೀಕಪ್ಪನವರ ಹೆಸರಿತ್ತು, ಅಷ್ಟೇ ಸಾಕಿತ್ತು.

ಮುಂಡರಗಿ ಮತ್ತು ಲಕ್ಷ್ಮೇಶ್ವರದ ಸೆಮಿಫೈನಲ್ ಆ ದಿನ ಮುಗಿಯಲಿಲ್ಲ. ಮುಗಿಯುವುದಾದರೂ ಹೇಗೆ? ನಿಜಲಿಂಗ ಒಂದು ಕಾಯಿ ನಡೆಸಲು ಹೆಣ್ಣು ನೋಡಿದಷ್ಟು ಹೊತ್ತು ತೆಗೆದುಕೊಳ್ಳುತ್ತಿದ್ದ. ಬುಟ್ಟಿ ಮುಚ್ಚಿದ ಮೇಲೆ, ಬಾಯಾರಿಕೆ ಇಲ್ಲದಿದ್ದರೂ ಕುಡಿಯಲು ನೀರು ಕೇಳಿದ.

“ನನ್ನ ಕೆಂಪು ಕಾಯಿ ಒಂಟಿ ಐತ್ರಿ. ವಾರ ಪೂರ್ತಿ ನಿಮ್ಮ ಮನ್ಯಾಗ ಇರತೈತಿ. ಚಂದಂಗ ನೋಡ್ಕೋರಿ.”

“ಒಂಟಿ ಬಿಟ್ಟಾವರು ನೀವ. ಜೋಡಿ ಮಾಡಿದ್ರ ಯಾರೂ ಹೊಡಿಯಂಗಿಲ್ಲ, ರೂಲ್ ಗೊತ್ತಿಲ್ಲೇನು?”

“ಜೋಡಿ ಆಗಾಕ ಇನ್ನೊಂದು ಕಾಯಿಗೂ ಮನಸ್ಸಿರಬೇಕಲ್ರಿ.”

ಅವಳು ತಂಬಿಗೆ ಕಸಿದುಕೊಂಡು ಒಳಗೆ ಹೋದಳು. ಅಡುಗೆಮನೆಯ ಕತ್ತಲಲ್ಲಿ ನಿಂತು ಒಬ್ಬಳೇ ನಕ್ಕಳು.

ಆ ವಾರವೆಲ್ಲ ಅವಳಿಗೆ ಪಡಸಾಲೆ ದಾಟುವುದೇ ಒಂದು ಕೆಲಸವಾಯಿತು. ನೂಲು ಸುತ್ತುವಾಗಲೂ ಕಣ್ಣು ಬುಟ್ಟಿಯ ಕಡೆಗೇ. ಹೊರಗೆ ಬಿಸಿಲು, ಓಣಿ ತುಂಬ ಮಗ್ಗದ ಸದ್ದು. ಅದರ ನಡುವೆ ಬುಟ್ಟಿಯ ತಂಪಿನಲ್ಲಿ ಅವನ ಕಾಯಿ ನಿದ್ದೆ ಮಾಡುತ್ತಿದೆಯೆಂದು ಅವಳಿಗೆ ಅನಿಸುತ್ತಿತ್ತು. ರವಿವಾರ ಬಂತು, ಅವನೂ ಬಂದ, ಮತ್ತೆ ಆಟ ಮುಗಿಯಲಿಲ್ಲ. ಇನ್ನೊಂದು ರವಿವಾರವೂ ಹಾಗೆಯೇ ಕನಸಿನಂತೆ ಜಾರಿತು. ಅವನು ದಾಳ ಕೈಯಲ್ಲಿ ಹಿಡಿದು ಅವಳ ಕಡೆ ನೋಡುವನು; ಅವಳು ಸೆರಗು ಸರಿಪಡಿಸುವ ನೆಪದಲ್ಲಿ ತಲೆ ತಗ್ಗಿಸುವಳು. ಇಬ್ಬರ ನಡುವೆ ಚುಕ್ಕಿಯ ಲೆಕ್ಕ ಬಿಟ್ಟರೆ ಬೇರೆ ಮಾತಿರಲಿಲ್ಲ.

ಆ ಮೂರನೆಯ ರವಿವಾರದ ಸಂಜೆ ಬುಟ್ಟಿ ಮುಚ್ಚುವಾಗ ಅವನ ಉಳಿದ ಕಾಯಿಗಳೆಲ್ಲ ಹಣ್ಣಾಗಿ ಮನೆ ಸೇರಿದ್ದವು. ಕೊನೆಯ ಕೆಂಪು ಕಾಯಿ ಗೀಟು ಹಾಕಿದ ಮನೆಯಲ್ಲಿತ್ತು. ಆ ಮನೆಯಲ್ಲಿರುವ ಕಾಯಿಯನ್ನು ಯಾರೂ ಹೊಡೆಯುವಂತಿಲ್ಲ. ಮುಂದಿನ ವಾರ ಕೂತು ಏಳುವುದರೊಳಗೆ ನಾವು ಗೆದ್ದಂತೆ, ಆಮೇಲೆ ಶಿರಹಟ್ಟಿಯಲ್ಲಿ ಫೈನಲ್, ಬೆಟಗೇರಿಯ ಋಣ ತೀರಿತು ಎಂದು ಮುಂಡರಗಿ ಟೀಮಿನ ಹಿರಿಯ ಮಕ್ತುಮಸಾಬ ಖುಷಿಯಿಂದ ಹೇಳಿದರು. ಅನ್ನಪೂರ್ಣಳ ಕೈಯಲ್ಲಿದ್ದ ಕಲ್ಲು ಬುಟ್ಟಿಯ ಮೇಲೆ ಧಪ್ಪನೆ ಬಿತ್ತು.

ಬುಧವಾರ ಮಧ್ಯಾಹ್ನ ಅಪ್ಪ ಉಂಡು ಮಲಗಿದ್ದರು. ಅವ್ವ ಗದಿಗೆವ್ವ ನೂಲು ತೊಳೆಯಲು ಹೋಗಿದ್ದಳು. ಅನ್ನಪೂರ್ಣ ಕಲ್ಲು ಇಳಿಸಿದಳು, ಬುಟ್ಟಿ ಎತ್ತಿದಳು.

ಸುಮ್ಮನೆ ನೋಡುವುದಕ್ಕೆಂದೇ ಎತ್ತಿದ್ದು. ಕೆಂಪು ಕಾಯಿಯ ತಲೆ ಅವನ ಬೆರಳು ತಾಗಿ ತಾಗಿ ನುಣುಪಾಗಿತ್ತು. ಅವಳೂ ಅಲ್ಲಿಯೇ ಮುಟ್ಟಿದಳು. ಆಮೇಲೆ ಅದನ್ನು ಒಂದು ಮನೆ ಹಿಂದಕ್ಕೆ ಸರಿಸಿದಳು. ಒಂದೇ ಮನೆ, ಆದರೆ ಅಲ್ಲಿ ಗೀಟಿಲ್ಲ. ಲಕ್ಷ್ಮೇಶ್ವರದವರ ಕಪ್ಪು ಕಾಯಿ ಹಿಂದೆಯೇ ಇದೆ. ಅದು ಹೊಡೆದರೆ ಕೆಂಪು ಮೊದಲಿನಿಂದ ಸುತ್ತಿ ಬರಬೇಕು, ಅದಕ್ಕೆ ಇನ್ನೆಷ್ಟೋ ರವಿವಾರಗಳು ಬೇಕು.

“ಏನದು ಸಪ್ಪಳ?” ಒಳಗಿನಿಂದ ಅಪ್ಪ ಕೇಳಿದರು.

“ಬೆಕ್ಕು, ಅಪ್ಪಾ.”

ಅಪ್ಪ ನಂಬಿ ಮಗ್ಗುಲು ಬದಲಿಸಿದರು. ಅವರು ನಂಬಿದ್ದನ್ನೇ ಅವಳಿಗೆ ತಡೆದುಕೊಳ್ಳಲಾಗಲಿಲ್ಲ.

ರವಿವಾರ ಬುಟ್ಟಿ ಎತ್ತಿದಾಗ ನಿಜಲಿಂಗ ಹಾಸನ್ನು ನೋಡಿದ, ಆಮೇಲೆ ಅವಳನ್ನು ನೋಡಿದ. ಅವಳ ಮುಖದ ರಂಗು ಇಳಿದಿತ್ತು. ಅವನಿಗೆ ಎಲ್ಲ ತಿಳಿಯಿತು. ತಿಳಿದು ಅವನಿಗೆ ಎಷ್ಟು ಸಂತೋಷವಾಯಿತೆಂದರೆ, ತನ್ನ ಕಾಯಿ ಸಾಯಲಿದೆ ಎಂಬುದು ಕೂಡ ನೆನಪಾಗಲಿಲ್ಲ.

ಲಕ್ಷ್ಮೇಶ್ವರದ ಚನ್ನಬಸವಣ್ಣ ದಾಳ ಒಗೆದು, ಎಣಿಸಿ, ಕೆಂಪು ಕಾಯಿಯನ್ನು ಹೊಡೆದ. ಮಕ್ತುಮಸಾಬರು ಕೂತಲ್ಲಿಂದ ಎದ್ದೇಬಿಟ್ಟರು. ಹೋದ ವಾರ ಕಾಯಿ ಗೀಟಿನ ಮನೆಯಲ್ಲಿತ್ತು, ನಾವು ಕಣ್ಣಾರೆ ನೋಡಿದ್ದೇವೆ ಎಂದರು. ಇರಲಿಲ್ಲ ಎಂದರು ಲಕ್ಷ್ಮೇಶ್ವರದವರು. ಮಾತಿಗೆ ಮಾತು ಬೆಳೆಯಿತು. ಹಾಗಾದರೆ ಬುಟ್ಟಿಯೊಳಗೆ ಕೈ ಹಾಕಿದವರು ಯಾರು ಎಂದು ಹಿಂದಿನಿಂದ ಒಬ್ಬರು ಕೇಳಿದ ಕೂಡಲೇ ಎಲ್ಲರೂ ಪಂಚರ ಕಡೆ ತಿರುಗಿದರು. ಪುಂಡಲೀಕಪ್ಪನವರ ಮನೆಯ ಬುಟ್ಟಿಯ ಬಗ್ಗೆ ಈವರೆಗೆ ಅಂಥ ಮಾತು ಬಂದಿರಲಿಲ್ಲ.

ಪಂಚರು ಸಾವಕಾಶ ಕೇಳಿದರು, “ನಿಜಲಿಂಗಾ, ಕಾಯಿ ನಿಂದು. ಎಲ್ಲಿತ್ತು, ಹೇಳು.”

“ಇದ್ದಲ್ಲೇ ಐತ್ರಿ. ಸಾಬರ ನೆನಪು ತಪ್ಪೈತಿ.”

ಸ್ವಂತ ಟೀಮಿನ ಹುಡುಗನೇ ಹೀಗೆಂದ ಮೇಲೆ ಹೇಳುವುದೇನಿದೆ? ಬಿಳಿಗಡ್ಡದ ಮಕ್ತುಮಸಾಬರು ಎಲ್ಲರೆದುರು ಸುಳ್ಳರಾಗಿ ಮೆಲ್ಲಗೆ ಕೂತರು.

ಪುಂಡಲೀಕಪ್ಪ ಮಗಳ ಕಡೆ ತಿರುಗಿದರು. “ನೀ ನನ್ನ ಕಣ್ಣು. ನೀ ಹೇಳಿದ್ದ ನನ್ನ ತೀರ್ಪು.”

ಹೂಂ ಎಂದರೆ ಸಾಕಿತ್ತು. ಅಪ್ಪನ ಹೆಸರು ಉಳಿಯುತ್ತಿತ್ತು, ನಿಜಲಿಂಗ ಇನ್ನಷ್ಟು ರವಿವಾರ ಬರುತ್ತಿದ್ದ. ಅನ್ನಪೂರ್ಣ ಮಕ್ತುಮಸಾಬರ ಬಾಗಿದ ತಲೆ ನೋಡಿದಳು, ಅಪ್ಪನ ಪೊರೆಗಟ್ಟಿದ ಕಣ್ಣು ನೋಡಿದಳು.

“ಗೀಟಿನ ಮನ್ಯಾಗ ಇತ್ತು, ಅಪ್ಪಾ. ಸಾಬರು ಹೇಳಿದ್ದು ಖರೆ. ಬುಟ್ಟಿ ಎತ್ತಿ ಸರಿಸಿದಾಕಿ ನಾನ.”

“ಯಾಕ?”

“ಆಟ ಮುಗೀಬಾರದು ಅಂತ.”

ಪಂಚರು ನಿಜಲಿಂಗನನ್ನು ಕೇಳಿದರು, ನೋಡಿಯೂ ಸುಳ್ಳು ಹೇಳಿದ್ದೇಕೆಂದು.

“ನನಗೂ ಮುಗೀಬಾರದು ಅಂತಿತ್ತರಿ. ಮೊದಲ್ನೇ ದಿನದಿಂದನ.”

ಅವನು ಇದನ್ನು ಅಪ್ಪನಿಗೆ ಹೇಳಿದ, ಆದರೆ ನೋಡಿದ್ದು ಮಗಳನ್ನು. ಆ ದಿನ ದಾಳದ ಮೇಲಿಂದ ಏಳದಿದ್ದ ಕಣ್ಣು ಈಗ ಅವನ ಮೇಲಿಂದ ಕದಲಲಿಲ್ಲ.

ತೀರ್ಪು ಬಂತು. ಕಾಯಿ ಗೀಟಿನ ಮನೆಗೆ ಮರಳಲಿ. ನಿಜಲಿಂಗನ ಬದಲು ಮುಂಡರಗಿಯ ಇನ್ನೊಬ್ಬ ಕೂಡಲಿ. ಪಂಚರೆದುರು ಸುಳ್ಳು ಹೇಳಿದವನು, ಬುಟ್ಟಿ ಎತ್ತಿದವಳು, ಇಬ್ಬರೂ ಹಾಸು ಬಿಟ್ಟು ಹೊರಗಿನ ಕಟ್ಟೆಗೆ ಹೋಗಿ ಕೂಡಲಿ. ಈ ಆಟ ಮುಗಿದ ಮೇಲೆ ಬುಟ್ಟಿ ಈ ಮನೆಯಲ್ಲಿ ಇರುವುದು ಬೇಡ. ಕೊನೆಯ ಮಾತಿಗೆ ಅವರ ದನಿ ಒಡೆಯಿತು. ಬೇಡವೆನ್ನಲು ಮಕ್ತುಮಸಾಬರು ಬಾಯಿ ತೆರೆದರು. ಪಂಚರು ಕೈಯೆತ್ತಿ ತಡೆದು, ಇವತ್ತು ನೀವೇ ನನ್ನ ಕಣ್ಣಾಗಿರಿ ಎಂದು ಅವರನ್ನು ಪಕ್ಕಕ್ಕೆ ಕರೆದರು.

ಹೊರಗಿನ ಕಟ್ಟೆಯ ಮೇಲೆ ಬೇವಿನ ನೆರಳಿತ್ತು. ಅವಳು ಅಳುತ್ತಿದ್ದಳು. ಅವನು ಸ್ವಲ್ಪ ದೂರ ಕೂತ.

“ಅಪ್ಪನ ಹೆಸರು ಕಳದ್ನಿ.”

“ಉಳಿಸಿದ್ರಿ. ಕಳ್ಯಾಕ ಹತ್ತಿದಾವ ನಾನು.”

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಬೇವಿನ ಹೂವು ಇಬ್ಬರ ನಡುವಿನ ಕಲ್ಲಿನ ಮೇಲೆ ಉದುರುತ್ತಿತ್ತು. ಬಹಳ ಹೊತ್ತಿನ ಮೇಲೆ, ಸೋಡಾ ಅಂಗಡಿ ರವಿವಾರ ಬಂದ್ ಇಟ್ಟರೆ ನಷ್ಟವಾಗುವುದಿಲ್ಲವೇ ಎಂದು ಕೇಳಿದಳು. ಆಗುತ್ತದೆ ಎಂದು ಅವನು ನಕ್ಕ. ಅವಳೂ ನಕ್ಕಳು. ಒಳಗಿನಿಂದ “ಹಣ್ಣಾತು!” ಎಂದು ಮುಂಡರಗಿಯವರು ಕೂಗಿದರು. ಅವನ ಕೆಂಪು ಕಾಯಿ ಮನೆ ಸೇರಿತ್ತು. ಇಬ್ಬರೂ ತಿರುಗಿ ನೋಡಲಿಲ್ಲ.

ಪಡಸಾಲೆಯಲ್ಲಿ ಪುಂಡಲೀಕಪ್ಪ ಹಾಸು ಮಡಚಿಸಿದರು. ಖಾಲಿ ಬುಟ್ಟಿಯ ಮೇಲೆ ಕೈಯಾಡಿಸುತ್ತ ಪಕ್ಕದವರನ್ನು ಕೇಳಿದರು.

“ಸಾಬರ, ಹೊರಗ ಅವರಿಬ್ಬರು ಹೆಂಗ ಕುಂತಾರ?”

ಮಕ್ತುಮಸಾಬರು ಬಾಗಿಲಿನತ್ತ ಬಗ್ಗಿ ನೋಡಿ, ನಗು ತಡೆದುಕೊಂಡು, ಇದ್ದುದನ್ನು ಇದ್ದಂತೆ ಹೇಳಿದರು.

“ಮೊದಲ ದೂರ ಇದ್ರು. ಈಗ ಜೋಡಿ ಕುಂತಾರ್ರಿ.”

ಪಂಚರು ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದರು.

“ಜೋಡಿ ಆದ್ರ ನನಗೂ ಹೊಡ್ಯಾಕ ಬರಂಗಿಲ್ಲ. ಬರೂ ರವಿವಾರ ಅವನ ಹಿರಿಯಾರನ್ನ ಕರಕೊಂಡು ಬರ್ರಿ.”