ಈಗ ಉಲ್ಟಾ ಅಳೀರಿ

“ಲೈನ್ ಛಲೋ ಐತ್ರಿ ಮೇಡಂ. ಈಗರ ಅಳದು ನೋಡೀನಿ. ನಲವತ್ತೆಂಟು ಎಂಬಿ ಬರಾಕತ್ತೈತಿ.”

ಭವಾನಿ ಫೋನನ್ನು ಕಿವಿಯಿಂದ ತೆಗೆದು ದಿಟ್ಟಿಸಿದಳು, ಒಳಗಿದ್ದವನ ಮುಖ ಕಾಣುತ್ತದೇನೋ ಎಂಬಂತೆ. ಹನುಮಸಾಗರದ ಅವಳ ಆನ್‌ಲೈನ್ ಸೆಂಟರಿನಲ್ಲಿ ಹನ್ನೊಂದು ಜನ ಅರ್ಜಿ ಹಿಡಿದು ಕೂತಿದ್ದರು. ಒಂದೇ ಒಂದು ಫೋಟೊ ಕಳಿಸಲು ಅವಳು ಬೆಳಗಿನಿಂದ ಹೆಣಗುತ್ತಿದ್ದಳು. ಅದು ಅರ್ಧ ಹೋಗಿ ನಿಂತುಬಿಡುತ್ತಿತ್ತು.

“ಬರಾಕತ್ತೈತಿ ಅಂದ್ರ ಎಲ್ಲಿಗ್ರಿ? ನಿಮ್ಮ ಮನಿಗೇನು?”

ಆ ಕಡೆ ಇದ್ದವನು ಗವಿಸಿದ್ದೇಶ, ಇಂಟರ್ನೆಟ್ ಕಂಪನಿಯ ಕುಷ್ಟಗಿ ಟವರಿನ ಇಂಜಿನಿಯರ್. ನಕ್ಕುಬಿಟ್ಟ. ನಗಬಾರದಿತ್ತು.

ಭವಾನಿಯ ಸಿಟ್ಟು ಮೊದಲೇ ಮೂಗಿನ ತುದಿಯಲ್ಲಿತ್ತು. ಆ ವರ್ಷ ಮೂರು ಸಲ ಅವಳು ಗಂಡಿನ ಕಡೆಯವರ ಮುಂದೆ ತಲೆ ತಗ್ಗಿಸಿ ಕೂತಿದ್ದಳು. ಮೊದಲು ಬಂದವರು ನಡೆದು ತೋರಿಸು ಎಂದರು. ಎರಡನೆಯವರು ಹಾಡು ಹೇಳು ಎಂದರು. ಮೂರನೆಯವರು, ಕಾರಟಗಿಯ ರೈಸ್ ಮಿಲ್ಲಿನವರು, ಕಂಪ್ಯೂಟರ್ ಅಂಗಡಿ ಬಂದ್ ಮಾಡಿದರೆ ಒಪ್ಪಿಗೆ ಎಂದರು. ನಿನಗೇನು ಬೇಕವ್ವಾ ಎಂದು ಒಬ್ಬರೂ ಕೇಳಲಿಲ್ಲ.

“ಇನ್ನ ಯಾರ ಮುಂದೂ ಕುಂದ್ರಂಗಿಲ್ಲ. ಅಂಗಡೀನೂ ಮುಚ್ಚಂಗಿಲ್ಲ,” ಎಂದು ಅವಳು ಅಪ್ಪನಿಗೆ ಹೇಳಿಬಿಟ್ಟಿದ್ದಳು.

ಅಪ್ಪ ಕೊಟ್ರಬಸಪ್ಪ ಹಟದಲ್ಲಿ ಅವಳಿಗಿಂತ ಕಡಿಮೆಯೇನಿರಲಿಲ್ಲ. “ದೀಪಾವಳಿ ತನಕ ನೋಡ್ತೀನಿ. ಅಷ್ಟರಾಗ ಒಂದು ಸಂಬಂಧ ಕೂಡಲಿಲ್ಲಂದ್ರ ಅಂಗಡಿ ಕೀಲಿ ನನ್ನ ಕೈಗೆ ಕೊಡು.”

ಇಂಥ ಹೊತ್ತಿನಲ್ಲಿ ಇವನು ನಗುತ್ತಾನೆ!

“ಹ್ಯಾಂಗ ಅಳದ್ರಿ, ಹೇಳ್ರಿ.”

“ಐಪರ್ಫ್ ಅಂತ ಐತ್ರಿ. ನಿಮ್ಮ ಕಂಪ್ಯೂಟರಿನ್ಯಾಗ ಕರಿ ಪರದಿ ಒಂದು ತಗದು ಇಟ್ಟೀವಲ್ರಿ, ಅದ ಸರ್ವರ್. ಅದು ಸುಮ್ನ ಕೇಳ್ಕೋತ ಕುಂತಿರತೈತಿ. ನಾ ಇಲ್ಲಿಂದ ಡಾಟಾ ಕಳಸ್ತೀನಿ, ಸೆಕೆಂಡಿಗೆ ಎಷ್ಟು ಮುಟ್ಟಿತು ಅಂತ ಲೆಕ್ಕ ತೋರಸ್ತೈತಿ.”

“ಅಂದ್ರ ನೀವು ಕಳಿಸೋದು ನನಗ ಮುಟ್ಟತೈತಿ. ನಾ ಕಳಿಸೋದು ನಿಮಗ ಮುಟ್ಟತೈತೇನು?”



“ಅದನ್ನ ಅಳದಿಲ್ರಿ. ಯಾರೂ ಅಳೆಯಂಗಿಲ್ರಿ.”

“ಗೊತ್ತೈತ್ರಿ. ಕನ್ಯಾ ನೋಡಾಕ ಬಂದವ್ರೂ ಹಿಂಗ. ಎಲ್ಲಾ ಒಂದ ಕಡಿಯಿಂದ. ಈಗ ಉಲ್ಟಾ ಅಳೀರಿ.”

ಬಾಯಿ ತಪ್ಪಿ ಬಂದ ಮಾತು. ಅವಳು ನಾಲಿಗೆ ಕಚ್ಚಿಕೊಂಡಳು. ಆದರೆ ಈ ಸಲ ಅವನು ನಗಲಿಲ್ಲ. ಕೀಬೋರ್ಡಿನ ಸದ್ದು ಕೇಳಿಸಿತು.

“ಕೊನೀಗೆ ಮೈನಸ್ ದೊಡ್ಡ ಆರ್ ಹಾಕೀನ್ರಿ. ಆರ್ ಅಂದ್ರ ಉಲ್ಟಾ.” ಹತ್ತು ಸೆಕೆಂಡು ಕಳೆದವು. ಅವನ ದನಿ ಇಳಿಯಿತು. “ಪಾಯಿಂಟ್ ಮೂರು, ಮೇಡಂ. ಒಂದು ಎಂಬಿ ಸೈತ ಇಲ್ಲ. ತಪ್ಪಾತ್ರಿ.”

ಮೂರು ಸಲ ಮನೆಗೆ ಬಂದುಹೋದವರಲ್ಲಿ ಯಾರ ಬಾಯಲ್ಲೂ ಭವಾನಿ ಆ ಕೊನೆಯ ಮಾತನ್ನು ಕೇಳಿರಲಿಲ್ಲ.

ಮರುದಿನ ಅವನೇ ಬಂದ. ಕುಷ್ಟಗಿ ಟವರಿನ ಮೇಲೆ ಅವಳ ಸೆಂಟರಿಗೆ ಇಂಟರ್ನೆಟ್ ಕಳಿಸುವ ಡಿಶ್ಶಿನ ಪಕ್ಕದಲ್ಲೇ ಯಾರೋ ಇನ್ನೊಂದು ಡಿಶ್ ಕಟ್ಟಿದ್ದರಂತೆ, ಅದೇ ಚಾನೆಲ್ಲಿನಲ್ಲಿ.

“ನೀವು ಹೇಳೋದು ಹೇಳಾಕತ್ತಿದ್ರಿ. ನಮ್ಮ ಕಿವಿಗೆ ಗದ್ದಲ ತುಂಬಿತ್ರಿ. ಚಾನೆಲ್ ಬದಲ್ ಮಾಡೀನಿ,” ಎಂದವನು ಅವಳನ್ನೇ ನೋಡುತ್ತ ನಿಂತ.

“ಪರದಿ ಆ ಕಡೆ ಐತ್ರಿ ಸಾಹೇಬ್ರ,” ಎಂದಳು ಭವಾನಿ.

ಅವನ ಕಿವಿಗಳು ಕೆಂಪಾದವು. ಅವಳಿಗೆ ಅದು ಬಹಳ ಇಷ್ಟವಾಯಿತು.

ಅಂದಿನಿಂದ ದಿನಾ ಬೆಳಿಗ್ಗೆ ಹತ್ತಕ್ಕೆ ಫೋನು. “ಬರೋದು ನಲವತ್ತೇಳು. ಹೋಗೋದು ನಲವತ್ತೊಂದು.” ಅಂಕಿ ಮುಗಿದ ಮೇಲೆ ಉಂಡಿರಾ, ನಿಮ್ಮಲ್ಲಿ ಮಳೆ ಬಂತಾ, ನಿನ್ನೆಯ ಧ್ವನಿ ಯಾಕೆ ಸಪ್ಪಗಿತ್ತು. ಸರಿಹೋದ ಲೈನನ್ನು ದಿನಾ ಅಳೆಯುವ ಹುಚ್ಚರು ಎಲ್ಲೂ ಇಲ್ಲ. ಇದು ಇಬ್ಬರಿಗೂ ಗೊತ್ತಿತ್ತು. ಹತ್ತು ಗಂಟೆಗೆ ಐದು ನಿಮಿಷ ಇರುವಾಗಲೇ ಅವಳು ಕನ್ನಡಿ ನೋಡಿಕೊಳ್ಳುತ್ತಿದ್ದಳು, ಫೋನಿನಲ್ಲಿ ಮುಖ ಕಾಣುವುದಿಲ್ಲವೆಂದು ಗೊತ್ತಿದ್ದೂ.

ದೀಪಾವಳಿಗೆ ಹದಿನೈದು ದಿನವಿತ್ತು. ಅವನು ತಡವರಿಸಿ ಹೇಳಿದ. “ನಮ್ಮವ್ವ ನಿಮ್ಮನ್ನ ನೋಡಾಕ ಬರ್ತೀನಿ ಅಂತಾಳ್ರಿ.”

ಅವಳ ಎದೆ ಝಲ್ಲೆಂದಿತು. ಮರುಕ್ಷಣವೇ ಉರಿಯಿತು.

“ನೋಡಾಕ? ನೀವೂ ಒಂದ ಕಡಿಯಿಂದ ಅಳಿಯೋರೇನು?”

ಫೋನ್ ಇಟ್ಟುಬಿಟ್ಟಳು. ಎರಡು ದಿನ ಹತ್ತು ಗಂಟೆ ಸುಮ್ಮನೆ ಬಂದು ಹೋಯಿತು. ಊಟ ರುಚಿಸಲಿಲ್ಲ, ಆದರೂ ಅವಳು ತಾನಾಗಿ ಫೋನ್ ಮಾಡಲಿಲ್ಲ.

ಮೂರನೆಯ ದಿನ ಕರಿ ಪರದೆಯ ಮೇಲೆ ಸಾಲುಗಳು ಏರತೊಡಗಿದವು. ಈ ಸಲ ಕಳಿಸುತ್ತಿದ್ದುದು ಅವಳ ಕಂಪ್ಯೂಟರ್, ಕೇಳುತ್ತಿದ್ದುದು ಕುಷ್ಟಗಿ. ಫೋನ್ ಬಡಿದುಕೊಂಡಿತು.

“ಆರ್ ಹಾಕೀನಿ, ನೋಡಿದ್ರೇನ್ರಿ? ನೀವ ಬರ್ರಿ ಭವಾನಿಯವರ. ನಾ ಕುಂದ್ರತೀನಿ.”

ಕೊಟ್ರಬಸಪ್ಪ ಹೌಹಾರಿದ. “ಹುಡುಗಿ ಹೋಗಿ ಹುಡುಗನ್ನ ನೋಡೋದೇನು? ಜನ ನಗತಾರ!”

“ಮೂರು ಸಲ ನಾ ಅತ್ತೀನಪ್ಪಾ. ಒಂದು ಸಲ ಅವ್ರು ನಗಲಿ.”

ಅಪ್ಪ ಹೊರಡಲೆಂದು ತನ್ನ ಟೊಪ್ಪಿಗೆ ಹುಡುಕಿದ.

ಭಾನುವಾರ ಕುಷ್ಟಗಿಯಲ್ಲಿ ಗವಿಸಿದ್ದೇಶನ ತಾಯಿ ಪಂಪಮ್ಮ ಬಾಗಿಲಲ್ಲೇ ಗಲ್ಲಕ್ಕೆ ಕೈ ಇಟ್ಟು ನಿಂತಿದ್ದಳು. ಓಣಿಯ ಕಿಟಕಿಗಳೆಲ್ಲ ತೆರೆದಿದ್ದವು. ಅವನು ತಟ್ಟೆಯಲ್ಲಿ ಚಹಾ, ಮಂಡಕ್ಕಿ ಒಗ್ಗರಣೆ ತಂದಿಟ್ಟು, ಜಮಖಾನೆಯ ಮೇಲೆ ತಲೆ ತಗ್ಗಿಸಿ ಕೂತ.

“ಅಡಿಗಿ ಬರತೈತೇನ್ರಿ?” ಭವಾನಿ ಶುರು ಮಾಡಿದಳು.

“ಚಹಾ ನಂದ್ರಿ. ಒಗ್ಗರಣಿ ಅವ್ವಂದು.”

“ಹಾಡು?”

“ಬರಂಗಿಲ್ರಿ.”

“ನಡದು ತೋರಸ್ರಿ.”

ಅವನು ನಿಜಕ್ಕೂ ಎದ್ದು ಬಾಗಿಲತನಕ ಹೋಗಿ ಬಂದ. ಪಂಪಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. “ಕುಂಟಂಗಿಲ್ಲ ತಗೋ ಯವ್ವಾ, ನಾ ಹೆತ್ತಾಕಿ ಹೇಳ್ತೀನಿ.”

ಭವಾನಿ ನಗಲಿಲ್ಲ. ಉಳಿದದ್ದು ಒಂದೇ ಪ್ರಶ್ನೆ, ಅದರಲ್ಲಿ ತಮಾಷೆ ಇರಲಿಲ್ಲ. “ನನ್ನ ಅಂಗಡಿ?”

ಅವನು ತಲೆ ಎತ್ತಿದ. “ಅದು ಹನುಮಸಾಗರದಾಗ ಐತಿ, ಅಲ್ಲೇ ಇರ್ಲಿ. ನಾನ ಅಲ್ಲಿಗೆ ಬರ್ತೀನಿ. ಟವರಿಗೆ ದಿನಾ ಬೈಕ್ ಮ್ಯಾಲ ಹೋಗಿ ಬರೋದು ನನ್ನ ಪಾಲು.”

ಕೊಟ್ರಬಸಪ್ಪ ಕೆಮ್ಮಿದ. “ಮನಿ ಅಳಿಯ ಅಂತ ಆಡ್ಕೋತಾರಪ್ಪಾ ಜನ.”

“ಆಡ್ಕೊಳ್ಳಲಿ ಬಿಡ್ರಿ, ಮಾವ.”

ಒಪ್ಪಿಗೆ ಸಿಗುವ ಮೊದಲೇ ಮಾವ! ಭವಾನಿ ಎದ್ದು ನಿಂತು, ಮೊದಲೆರಡು ಮನೆಯವರು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಆಡಿಹೋಗಿದ್ದ ಅದೇ ಮಾತನ್ನು ಅದೇ ಗತ್ತಿನಲ್ಲಿ ಆಡಿದಳು. “ಮನಿಗೆ ಹೋಗಿ ತಿಳಸ್ತೀವ್ರಿ.”

ಅವನ ಮುಖ ಬಾಡಿತು. ಅವಳು ಮೆಟ್ಟಿಲಿಳಿದು ಚಪ್ಪಲಿ ಮೆಟ್ಟಿದಳು. ತಿರುಗಿ ನೋಡಿದಳು. ಅವನು ಬಾಗಿಲ ಚೌಕಟ್ಟು ಹಿಡಿದು, ಉಸಿರು ಬಿಡದೆ ನಿಂತಿದ್ದ. ತಾನೂ ಹೀಗೇ ನಿಂತದ್ದು ಅವಳಿಗೆ ನೆನಪಾಯಿತು. ಇವನನ್ನು ಹಾಗೆ ನಿಲ್ಲಿಸಲು ಮನಸ್ಸಾಗಲಿಲ್ಲ.

“ತಿಳಿಸೋದೇನು,” ಎಂದಳು, ಓಣಿಯ ಕಿಟಕಿಗಳಿಗೆಲ್ಲ ಕೇಳುವಷ್ಟು ಜೋರಾಗಿ. “ಹುಡುಗ ಪಸಂದ್ ಅದಾನ!”